ತಾತನ ಬೈಕಿಗೆ ಯಾವ ಎಣ್ಣೆ?

ನನ್ನ ಹತ್ತಿರ ಉದ್ದನೆಯ ಒಂದು ಲೆಡ್ಜರ್ ಪುಸ್ತಕವಿದೆ. ಬ್ಯಾಂಕಿನದಲ್ಲ, ಸ್ವಂತದ್ದು. 1979ರಲ್ಲಿ ಯೆಜ್ಡಿ ಬೈಕ್ ಕೊಂಡ ದಿನ ಅದನ್ನು ಶುರು ಮಾಡಿದೆ. ತಾರೀಕು, ಓಡಿದ ಕಿಲೋಮೀಟರು, ಹಾಕಿಸಿದ ಪೆಟ್ರೋಲು, ಮಾಡಿಸಿದ ರಿಪೇರಿ, ಕೊಟ್ಟ ಹಣ ಎಲ್ಲವೂ ಅದರಲ್ಲಿದೆ. ಬಿ.ಕಾಂ. ಓದಿ, ಜೀವಮಾನವಿಡೀ ಗುಮಾಸ್ತಗಿರಿ ಮಾಡಿದವನಿಗೆ ಬೇರೆ ಯಾವ ಹವ್ಯಾಸ ಬಂದೀತು? "ಹಾಲಿನ ಲೆಕ್ಕ ಬರೆಯಿರಿ ಅಂದರೆ ಮರೆಯುತ್ತೀರಿ, ಬೈಕಿನ ಲೆಕ್ಕದಲ್ಲಿ ಮಾತ್ರ ಪೈಸೆ ಬಿಡುವುದಿಲ್ಲ" ಎಂಬುದು ನನ್ನ ಹೆಂಡತಿಯ ದೂರು.

ಆ ಪುಸ್ತಕದಲ್ಲಿ ಒಂದೇ ಒಂದು ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆಯಿದೆ. 'ಎಂಜಿನ್ ಆಯಿಲ್ ಬದಲಾವಣೆ, ಖರ್ಚು ಸೊನ್ನೆ' ಎಂದು ಬರೆದ ಸಾಲು ಅದು. ನನಗೆ ಅತ್ಯಂತ ದುಬಾರಿಯಾಗಿ ಬಿದ್ದ ಸೊನ್ನೆ.

ಈಗ ನನ್ನ ಬಳಿ ಇರುವುದು ಸ್ಪ್ಲೆಂಡರ್ ಪ್ಲಸ್. 2011ರಲ್ಲಿ ನಿವೃತ್ತಿಯ ಹಣದಲ್ಲಿ ಕೊಂಡದ್ದು. 97.2 ಸಿಸಿಯ ಪುಟ್ಟ ಎಂಜಿನ್, ನಾಲ್ಕು ಗೇರು. ಲೈಬ್ರರಿಗೆ, ತರಕಾರಿಗೆ, ತಿಂಗಳಿಗೊಮ್ಮೆ ಪೆನ್ಷನ್ ಪಾಸ್‌ಬುಕ್ ಎಂಟ್ರಿ ಮಾಡಿಸಲು ನಾನು ಹೋಗುವುದು ಅದರಲ್ಲೇ. ಎಣ್ಣೆ ಬದಲಾಯಿಸುವುದೂ ನಾನೇ. ಯೆಜ್ಡಿ ಕಾಲದಿಂದ ಬಂದ ಅಭ್ಯಾಸ.

ಬೆಂಗಳೂರಿನಲ್ಲಿರುವ ಮಗ ಯುಗಾದಿಗೆ ಬಂದಾಗ ತನ್ನ ಕಾರಿಗೆಂದು ಕೊಂಡ ಒಂದು ಲೀಟರ್ ಎಂಜಿನ್ ಆಯಿಲ್ ಡಬ್ಬಿಯನ್ನು ನಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದ. ಮುಚ್ಚಳ ತೆರೆದಿರಲಿಲ್ಲ. ಪೂರ್ತಿ ಸಿಂಥೆಟಿಕ್, ಹೊಳೆಯುವ ಡಬ್ಬಿ, ನನ್ನ ಬೈಕಿನ ಎಣ್ಣೆಗಿಂತ ಎರಡು ಪಟ್ಟು ಬೆಲೆ. ಬೈಕಿಗೂ ಅದೇ ವಾರ ಆಯಿಲ್ ಬದಲಾಯಿಸಬೇಕಿತ್ತು. ಕಾರಿಗೇ ಒಳ್ಳೆಯದಾದರೆ ಬೈಕಿಗೆ ಇನ್ನೂ ಒಳ್ಳೆಯದು, ನಾನೂರು ರೂಪಾಯಿ ಉಳಿಯಿತು ಎಂದು ಲೆಕ್ಕ ಹಾಕಿದೆ. ಡಬ್ಬಿಯ ಮೇಲೆ 'ಎಸ್‌ಎನ್' ಎಂಬ ಅಕ್ಷರಗಳಿದ್ದವು. ನನ್ನ ಬೈಕಿನ ಕೈಪಿಡಿಯಲ್ಲಿ ಕೇಳಿದ್ದು 'ಎಸ್‌ಜೆ'. ಜೆ ಆದ ಮೇಲೆ ತಾನೇ ಎನ್? ಮೇಲಿನ ಕ್ಲಾಸಿನ ಎಣ್ಣೆ ಎಂದು ಇನ್ನಷ್ಟು ಖುಷಿಪಟ್ಟೆ.

ಮೊದಲ ವಾರ ನನ್ನನ್ನು ಹಿಡಿಯುವವರೇ ಇರಲಿಲ್ಲ. ಬೆಳಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್. ಗೇರು ಬೆಣ್ಣೆಯ ಹಾಗೆ. ವಾಕಿಂಗ್ ಗೆಳೆಯರ ಮುಂದೆ ಕೊಚ್ಚಿಕೊಂಡದ್ದೂ ಆಯಿತು. ಎರಡನೆಯ ವಾರ ಎಂಜಿನ್ ಬಿಸಿಯಾದ ಮೇಲೆ ತಲೆಯ ಭಾಗದಿಂದ ಸಣ್ಣಗೆ ಟಕಟಕ ಸದ್ದು ಕೇಳಿತು. ಕಿವಿಯದೇ ದೋಷವಿರಬೇಕು, ವಯಸ್ಸಾಯಿತು ಎಂದುಕೊಂಡೆ.

ಮೇ ತಿಂಗಳಲ್ಲಿ ರಜೆಗೆ ಮೊಮ್ಮಗ ಬಂದ. ಹನ್ನೊಂದು ವರ್ಷ. ಬೆಳಗ್ಗೆ ಆರಕ್ಕೆ ಚಾಮುಂಡಿ ಬೆಟ್ಟಕ್ಕೆ ಹೋಗಿಬರೋಣ ಎಂದು ಹಿಂದಿನ ರಾತ್ರಿಯೇ ಹೆಲ್ಮೆಟ್ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದ. ಊರಿನೊಳಗೆ ಏನೂ ತೊಂದರೆಯಾಗಲಿಲ್ಲ. ಬೆಟ್ಟದ ಏರು ಶುರುವಾಗಿ ಎರಡು ತಿರುವು ದಾಟಿದ ಮೇಲೆ ಎಂಜಿನ್ ಒಮ್ಮೆಲೇ ಕಿರುಚತೊಡಗಿತು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಸದ್ದು ಏರುತ್ತದೆ, ವೇಗ ಮಾತ್ರ ಇಳಿಯುತ್ತದೆ. ಕೆಳಗಿನ ಗೇರಿಗೆ ಹಾಕಿದೆ, ಅದೇ ಕತೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಿದೆ, ಮುಂದೆ ತಿರುವು, ಬೆನ್ನಿಗೆ ಅಂಟಿಕೊಂಡು ಹುಡುಗ. ನಡೆಯುವ ವೇಗಕ್ಕೆ ಬಂದು, ಬೈಕ್ ಇನ್ನೇನು ಹಿಂದಕ್ಕೆ ಜಾರುತ್ತದೆ ಎನ್ನುವಾಗ ಎರಡೂ ಬ್ರೇಕ್ ಹಿಡಿದು ಹೇಗೋ ಅಂಚಿಗೆ ನಿಲ್ಲಿಸಿದೆ. ಸುಟ್ಟ ವಾಸನೆ. "ತಾತ, ಕೈ ಯಾಕೆ ನಡುಗ್ತಿದೆ?" ಎಂದ ಮೊಮ್ಮಗ.

ಬೈಕ್ ತಣಿಯುವವರೆಗೂ ಕೂತು, ಹುಡುಗನನ್ನು ಪರಿಚಯದವರ ಕಾರಿನಲ್ಲಿ ಕಳಿಸಿ, ನಾನು ನಿಧಾನವಾಗಿ ಇಳಿದು ಬಂದೆ. ಇಳಿಜಾರಿನಲ್ಲಿ ಎಂಜಿನ್ ಬೈಕನ್ನು ಎಳೆಯಬೇಕಾಗಿಲ್ಲವಲ್ಲ, ಹಾಗಾಗಿ ತೊಂದರೆಯಾಗಲಿಲ್ಲ.

ಮನೆಯಲ್ಲಿ ಆದದ್ದೇ ಬೇರೆ. ಸುದ್ದಿ ತಿಳಿದು ಸೊಸೆ ಫೋನಿನಲ್ಲಿ ಬಹಳ ಮೆಲ್ಲಗೆ ಹೇಳಿದಳು, "ಮಾವ, ಇನ್ನು ಮೇಲೆ ಅವನನ್ನು ಬೈಕಿನಲ್ಲಿ ಕೂರಿಸಬೇಡಿ." ಮಗ, "ಅಪ್ಪಾ, ಇನ್ನು ಮಾರಿಬಿಡಿ, ಆಟೋ ಇದೆಯಲ್ಲ" ಎಂದ. ಇಬ್ಬರೂ ಕೋಪ ಮಾಡಲಿಲ್ಲ. ಕೋಪ ಮಾಡಿದ್ದರೆ ಚೆನ್ನಾಗಿತ್ತು. ಎಪ್ಪತ್ತು ದಾಟಿದವನ ಕೈಯಲ್ಲಿ ಏನೇ ಕೆಟ್ಟರೂ ಅದು ವಯಸ್ಸಿನ ತಪ್ಪು ಎಂದು ಮೊದಲೇ ತೀರ್ಪಾಗಿರುತ್ತದೆ. ನನ್ನಂಥ ತಾತಂದಿರಿಗೆ ಈ ಮಾತು ಅರ್ಥವಾದೀತು.

ನಮ್ಮ ಬೀದಿ ಮೂಲೆಯ ಮೆಕ್ಯಾನಿಕ್ ಹುಡುಗ ಬೈಕನ್ನು ಒಂದು ಸುತ್ತು ಓಡಿಸಿ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ಯಾವ ಆಯಿಲ್ ಹಾಕಿದ್ರಿ? ಡಬ್ಬಿ ಇದೆಯಾ?" ತಂದುಕೊಟ್ಟೆ. ಮುಂಭಾಗದ ದೊಡ್ಡ ಅಕ್ಷರಗಳನ್ನು ಅವನು ನೋಡಲೇ ಇಲ್ಲ. ಹಿಂದೆ ತಿರುಗಿಸಿ, ಇರುವೆಯಷ್ಟು ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟ. "ಇದು ಕಾರಿಂದು ಸಾರ್. ಕ್ಲಚ್ ಜಾರಿದೆ." ಕನ್ನಡಕ ಹಾಕಿಕೊಂಡು ನೋಡಿದೆ. ಮೂವತ್ತೇಳು ವರ್ಷ ಚೆಕ್ಕಿನ ಮುಂದೆ, ಹಿಂದೆ, ಸಹಿ, ತಾರೀಕು ನೋಡದೆ ಹಣ ಕೊಡದವನು ಒಂದು ಡಬ್ಬಿಯ ಬೆನ್ನು ತಿರುಗಿಸಿ ನೋಡಿರಲಿಲ್ಲ.

ಆಮೇಲೆ ಹದಿನೈದು ದಿನ ನಾನೂ ಮೊಮ್ಮಗನೂ ಸೇರಿ ಈ ಎಣ್ಣೆಯ ವಿದ್ಯೆ ಕಲಿತೆವು. ನಮಗೆ ತಿಳಿದದ್ದನ್ನು ಹೇಳುತ್ತೇನೆ.

ನನ್ನ ಅಜ್ಜನ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದರು. ಗಾಡಿಯ ಕೆಳಗೆ ಒಂದು ಬಿದಿರಿನ ಗಳಗೆ ತೂಗುತ್ತಿರುತ್ತಿತ್ತು. ಅದರಲ್ಲಿ ಹರಳೆಣ್ಣೆ. ಅಚ್ಚಿಗೂ ಗಾಲಿಗೂ ನಡುವೆ ಎಣ್ಣೆ ಇರದಿದ್ದರೆ ಕಿರ್ ಎಂದು ಸದ್ದು, ಸವೆತ, ಬಿಸಿ. ಎಂಜಿನ್ನಿನಲ್ಲೂ ಕೆಲಸ ಅದೇ, ವೇಗ ಮಾತ್ರ ಬೇರೆ. ಎತ್ತಿನ ಗಾಲಿ ನಿಮಿಷಕ್ಕೆ ಕೆಲವೇ ಸುತ್ತು. ಬೈಕಿನ ಎಂಜಿನ್ ನಿಮಿಷಕ್ಕೆ ಸಾವಿರಾರು ಸುತ್ತು. ಹರಳೆಣ್ಣೆಯನ್ನು ಕಡಿಮೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ಎಣ್ಣೆ ತಯಾರಿಸಿ ಅದಕ್ಕೆ 'ಕ್ಯಾಸ್ಟ್ರಾಲ್' ಎಂದು ಹೆಸರಿಟ್ಟಿತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಅಲ್ಲವೇ, ಹೆಸರು ಬಂದದ್ದು ಅಲ್ಲಿಂದ. ಅಜ್ಜನ ಗಳಗೆಗೂ ಪೆಟ್ರೋಲ್ ಬಂಕಿನ ಡಬ್ಬಿಗೂ ಇಂಥದೊಂದು ನೆಂಟಸ್ತಿಕೆ!

ಕಾರಿನ ಎಂಜಿನ್ ತಣಿಯಲು ನೀರಿದೆ, ರೇಡಿಯೇಟರ್ ಇದೆ. ನನ್ನ ಸ್ಪ್ಲೆಂಡರಿಗೆ ಅದು ಯಾವುದೂ ಇಲ್ಲ. ಅದು ಗಾಳಿಯಿಂದ ತಣಿಯುವ ಎಂಜಿನ್. ಸಿಲಿಂಡರಿನ ಸುತ್ತ ತಟ್ಟೆ ತಟ್ಟೆಯಾಗಿ ಲೋಹದ ರೆಕ್ಕೆಗಳಿವೆ, ನೋಡಿರುತ್ತೀರಿ. ಬಿಸಿ ಕಾಫಿಯನ್ನು ಲೋಟದಲ್ಲೇ ಬಿಟ್ಟರೆ ಆರುವುದು ತಡ, ಬಟ್ಟಲಿಗೆ ಸುರಿದರೆ ಬೇಗ. ಗಾಳಿಗೆ ಸಿಗುವ ಜಾಗ ಹೆಚ್ಚಿದಷ್ಟೂ ಬಿಸಿ ಬೇಗ ಹೋಗುತ್ತದೆ. ಆ ರೆಕ್ಕೆಗಳ ಗುಟ್ಟು ಇಷ್ಟೇ. ಆದರೆ ಗಾಳಿ ಎಂಜಿನ್ನಿನ ಹೊಟ್ಟೆಯೊಳಗೆ ಹೋಗಲಾರದು. ಪಿಸ್ಟನ್ನಿನ ಕೆಳಭಾಗದ ಬಿಸಿ, ಬೇರಿಂಗುಗಳ ಬಿಸಿ ಇವನ್ನೆಲ್ಲ ಹೊತ್ತು ಹೊರಗೋಡೆಗೆ ತರುವ ಕೂಲಿ ಎಣ್ಣೆಯೇ. ಸಿಗ್ನಲ್ಲಿನಲ್ಲಿ ನಿಂತಾಗ, ಏರಿನಲ್ಲಿ ನಿಧಾನವಾಗಿ ಹತ್ತುವಾಗ ಗಾಳಿಯೂ ಕಡಿಮೆ. ಆಗ ಎಣ್ಣೆ ಮತ್ತಷ್ಟು ಕಾಯುತ್ತದೆ. ಕಾದಷ್ಟೂ ತೆಳ್ಳಗಾಗುತ್ತದೆ. ತೀರ ತೆಳ್ಳಗಾದರೆ ಎರಡು ಲೋಹಗಳ ನಡುವಿನ ಪೊರೆ ಹರಿಯುತ್ತದೆ. ನನಗೆ ಕೇಳಿಸಿದ ಟಕಟಕ ಕಿವಿಯ ದೋಷವಲ್ಲ, ಬಿಸಿಯಲ್ಲಿ ತೀರ ತೆಳುವಾದ ಎಣ್ಣೆಯ ಸದ್ದು ಎಂದು ಮೆಕ್ಯಾನಿಕ್ ಹೇಳಿದ. ನನಗೆ ಅರ್ಧ ದುಃಖ, ಅರ್ಧ ಸಮಾಧಾನ. ಕಿವಿ ನೆಟ್ಟಗಿದೆಯಲ್ಲ!

ಇಷ್ಟಾದರೂ ಬೆಟ್ಟದಲ್ಲಿ ಬೈಕ್ ನಿಂತದ್ದು ಇದರಿಂದಲ್ಲ. ಅದಕ್ಕೆ ಕಾರಣ ಕ್ಲಚ್.

ಸಾಮಾನ್ಯವಾಗಿ ಕಾರಿನ ಎಂಜಿನ್ನಿಗೆ ಒಂದು ಎಣ್ಣೆ, ಗೇರ್‌ಬಾಕ್ಸಿಗೆ ಇನ್ನೊಂದು. ಕೈಯಲ್ಲಿ ಗೇರು ಹಾಕುವ ಕಾರಿನ ಕ್ಲಚ್ ಒಣಗಿರುತ್ತದೆ, ಎಣ್ಣೆಯ ಸೋಂಕೇ ಇಲ್ಲ. ನನ್ನ ಹಳೆಯ ಯೆಜ್ಡಿಯಲ್ಲೂ ಸಂಸಾರ ಬೇರೆ ಬೇರೆಯಾಗಿತ್ತು. ಅದು ಟೂ ಸ್ಟ್ರೋಕ್. ನಮ್ಮ ಮೈಸೂರಿನ ಯಾದವಗಿರಿಯಲ್ಲೇ ತಯಾರಾದ ಗಾಡಿ. 1961ರಿಂದ 1996ರವರೆಗೆ ನಡೆದ ಆ ಐಡಿಯಲ್ ಜಾವಾ ಕಾರ್ಖಾನೆಯನ್ನು ಹಿರಿಯರು ಮರೆತಿರಲಾರರು. ಎಂಜಿನ್ನಿನ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಿದ್ದೆವು, ಲೀಟರಿಗೆ ಸುಮಾರು 40 ಮಿಲಿ. ಅದು ಪೆಟ್ರೋಲಿನ ಜೊತೆಗೇ ಸುಟ್ಟು ನೀಲಿ ಹೊಗೆಯಾಗಿ ಹೋಗುತ್ತಿತ್ತು. ಗೇರಿಗೆ, ಕ್ಲಚ್ಚಿಗೆ ಬೇರೆ ಎಣ್ಣೆ.

ಫೋರ್ ಸ್ಟ್ರೋಕ್ ಸ್ಪ್ಲೆಂಡರಿನಲ್ಲಿ ಇದೆಲ್ಲ ಒಂದೇ ಅಡುಗೆಮನೆ. ಒಂದು ಲೀಟರಿಗಿಂತ ಕಡಿಮೆ ಎಣ್ಣೆ ಎಂಜಿನ್ನಿಗೂ ಅದೇ, ಗೇರಿಗೂ ಅದೇ, ಕ್ಲಚ್ಚಿಗೂ ಅದೇ. ಕ್ಲಚ್ ಎಂದರೆ ಒಂದರ ಮೇಲೊಂದು ಒತ್ತಿಕೊಂಡ ತಟ್ಟೆಗಳ ಅಟ್ಟಿ. ತಟ್ಟೆಗಳು ಬಿಗಿಯಾಗಿ ಹಿಡಿದುಕೊಂಡಾಗಲೇ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು. ಮಕ್ಕಳೇ, ಎರಡು ಅಂಗೈ ಒತ್ತಿ ಹಿಡಿದು ಒಂದನ್ನು ಜಾರಿಸಲು ನೋಡಿ. ಸುಲಭಕ್ಕೆ ಜಾರುವುದಿಲ್ಲ. ಈಗ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಾಗೆಯೇ ಮಾಡಿ. ಕ್ಲಚ್ ತಟ್ಟೆಗಳು ದಿನವಿಡೀ ಎಣ್ಣೆಯಲ್ಲೇ ಮುಳುಗಿರುತ್ತವೆ, ಆದರೂ ಜಾರಬಾರದು! ಅದೇ ಎಣ್ಣೆ ಪಿಸ್ಟನ್ನನ್ನು ಜಾರಿಸಬೇಕು, ಕ್ಲಚ್ಚನ್ನು ಜಾರಿಸಬಾರದು. ಇಂಥ ಎರಡು ನಾಲಿಗೆಯ ಕೆಲಸ ಎಲ್ಲ ಎಣ್ಣೆಗೂ ಒಗ್ಗುವುದಿಲ್ಲ.

ಪೆಟ್ರೋಲ್ ಉಳಿಸಬೇಕೆಂದು ಹಲವು ಕಾರಿನ ಎಣ್ಣೆಗಳಿಗೆ ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿಸುತ್ತಾರೆ. ಕಾರಿಗೆ ಅದು ಲಾಭ. ಬೈಕಿನ ಕ್ಲಚ್ಚಿಗೆ ಅದೇ ನಷ್ಟ. ಈ ಪೇಚಾಟ ಕಂಡೇ ಜಪಾನಿನವರು 1998ರಲ್ಲಿ ಬೈಕಿನ ಎಣ್ಣೆಗೆಂದು ಪ್ರತ್ಯೇಕ ಗುಣಮಟ್ಟ ತಂದರು. ಅದರ ಹೆಸರು ಜಾಸೋ. 'ಜಾಸೋ ಎಂಎ' ಎಂದಿದ್ದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುತ್ತದೆ ಎಂದು ಪರೀಕ್ಷೆ ಮಾಡಿದ ಗುರುತು. ಎಂಎ2 ಎಂದಿದ್ದರೂ ಸರಿ, ಅದು ಇನ್ನೂ ಬಿಗಿ ಹಿಡಿತದ್ದು. 'ಎಂಬಿ' ಎಂದಿದ್ದರೆ ಜಾರುವ ಗುಣ ಹೆಚ್ಚು. ಒಣ ಕ್ಲಚ್ಚಿನ, ಗೇರು ಹಾಕುವ ಕಷ್ಟವಿಲ್ಲದ ಸ್ಕೂಟರುಗಳಿಗೆ ಅದು. ಹಾಗಾಗಿ ಮನೆಯಲ್ಲಿ ಒಂದು ಬೈಕು, ಒಂದು ಸ್ಕೂಟರು ಇದ್ದರೆ ಡಬ್ಬಿ ಅದಲುಬದಲಾಗದಂತೆ ನೋಡಿಕೊಳ್ಳಿ.

ನನ್ನ ಮಗನ ಡಬ್ಬಿಯ ಮೇಲೆ ಎಂಎ ಇರಲಿಲ್ಲ, ಎಂಬಿಯೂ ಇರಲಿಲ್ಲ. ಹಿಂಭಾಗದಲ್ಲಿ ಒಂದು ದುಂಡು ಮುದ್ರೆ. ಅದರ ಮೇಲರ್ಧದಲ್ಲಿ 'ಎಪಿಐ ಸರ್ವಿಸ್ ಎಸ್‌ಎನ್', ನಡುವೆ '0ಡಬ್ಲ್ಯು-20', ಕೆಳಗೆ 'ರಿಸೋರ್ಸ್ ಕನ್ಸರ್ವಿಂಗ್'. ಈ ಕೊನೆಯ ಎರಡು ಪದ ಅಥವಾ 'ಎನರ್ಜಿ ಕನ್ಸರ್ವಿಂಗ್' ಎಂಬುದು ಕಂಡರೆ, ಗೇರು ಹಾಕುವ ಬೈಕಿನವರು ಡಬ್ಬಿಯನ್ನು ಅಂಗಡಿಯವನಿಗೆ ವಾಪಸು ಕೊಡುವುದೇ ಒಳ್ಳೆಯದು. ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್ ಎಂಬ ಅಕ್ಷರಗಳು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯವರ ತರಗತಿಗಳು. ಮುಂದಿನ ಅಕ್ಷರ ಎಂದರೆ ಹೊಸ ಪರೀಕ್ಷೆ ಪಾಸು ಮಾಡಿದ್ದು ಎಂದರ್ಥ. ಅದರಲ್ಲಿ ಸುಳ್ಳಿಲ್ಲ. ಆದರೆ ಅದು ಕಾರಿನ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪರೀಕ್ಷೆ. ಗಣಿತದಲ್ಲಿ ಡಿಸ್ಟಿಂಕ್ಷನ್ ಬಂದ ಹುಡುಗನನ್ನು ಸಂಗೀತ ಕಚೇರಿಗೆ ಕೂರಿಸಿದರೆ ತಪ್ಪು ಹುಡುಗನದೇ?

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಕ್ಲಚ್ ತಟ್ಟೆಗಳು ಮೊದಲೇ ಸ್ವಲ್ಪ ಸವೆದಿದ್ದವು. ಹೊಸ ತಟ್ಟೆಯಾಗಿದ್ದರೆ ಇನ್ನೂ ಕೆಲವು ತಿಂಗಳು ಸಹಿಸಿಕೊಳ್ಳುತ್ತಿತ್ತೇನೋ ಎಂದ ಮೆಕ್ಯಾನಿಕ್.

ಈಗ ಆ ಅಂಕಿಗಳ ವಿಚಾರ. ಡಬ್ಬಿಯ ಮೇಲೆ 10ಡಬ್ಲ್ಯು-30, 20ಡಬ್ಲ್ಯು-40, 15ಡಬ್ಲ್ಯು-50 ಎಂದೆಲ್ಲ ಇರುತ್ತದೆ. ಬ್ಯಾಂಕಿನವನಾದ ನನಗೆ ಅಂಕಿ ದೊಡ್ಡದಾದಷ್ಟೂ ಸಂತೋಷ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇದು ಎಣ್ಣೆ ಎಷ್ಟು ಮಂದ, ಎಷ್ಟು ತೆಳು ಎಂಬುದರ ಗುರುತು. ಎಸ್‌ಎಇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘ ಮಾಡಿದ ವರ್ಗೀಕರಣ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಮುಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸು ಎನ್ನುವುದನ್ನು ಹೇಳುತ್ತದೆ, ಚಿಕ್ಕದಾದಷ್ಟೂ ಸಲೀಸು. ನಂತರದ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎನ್ನುವುದನ್ನು. 10 ಎಂದರೆ 10 ಡಿಗ್ರಿ ಅಲ್ಲ, 30 ಎಂದರೆ 30 ಡಿಗ್ರಿಯೂ ಅಲ್ಲ. ಬರೀ ದರ್ಜೆಗಳು.

ಇದನ್ನು ಮೊಮ್ಮಗನಿಗೆ ತೋರಿಸಲು ಅಡುಗೆಮನೆಯಲ್ಲೇ ಓಟದ ಸ್ಪರ್ಧೆ ಇಟ್ಟೆವು. ಸ್ಟೀಲ್ ತಟ್ಟೆಯೊಂದನ್ನು ಓರೆಯಾಗಿಟ್ಟು ಒಂದೊಂದು ಚಮಚ ಹರಳೆಣ್ಣೆ, ಕಡಲೆಕಾಯಿ ಎಣ್ಣೆ ಒಟ್ಟಿಗೆ ಬಿಟ್ಟರೆ ಕಡಲೆಕಾಯಿ ಎಣ್ಣೆ ಗೆದ್ದೇ ಗೆಲ್ಲುತ್ತದೆ. ಅದೇ ಹರಳೆಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು ಬಿಡಿ, ಅದೂ ಓಡಲು ಕಲಿಯುತ್ತದೆ. ಬಿಸಿನೀರು ಸುರಿಯುವ ಕೆಲಸ ದೊಡ್ಡವರದು. ಚಳಿಗಾಲದ ಬೆಳಗ್ಗೆ ಬಚ್ಚಲಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಅಜ್ಜಿ ಬಿಸಿಲಿಗಿಡುತ್ತಾರಲ್ಲ, ಆ ಕತೆಯನ್ನೂ ನೆನಪಿಸಿಕೊಳ್ಳಿ. ಎಂಜಿನ್ನಿಗೆ ಬೇಕಾದದ್ದು ಬೆಳಗ್ಗೆ ತಕ್ಷಣ ಓಡುವ, ಮಧ್ಯಾಹ್ನದ ಬಿಸಿಯಲ್ಲಿ ನೀರಾಗದ ಎಣ್ಣೆ. ಅದಕ್ಕಾಗಿ ಎಣ್ಣೆಯೊಳಗೆ ಶಾವಿಗೆಯಂಥ ಉದ್ದನೆಯ ಅಣುಸರಪಳಿಗಳನ್ನು ಸೇರಿಸುತ್ತಾರೆ. ಅವು ಚಳಿಗೆ ಮುದುಡಿಕೊಳ್ಳುತ್ತವೆ, ಬಿಸಿಗೆ ಬಿಚ್ಚಿಕೊಂಡು ಎಣ್ಣೆಯನ್ನು ಮಂದವಾಗಿ ಹಿಡಿಯುತ್ತವೆ. ಬೈಕಿನ ಗೇರಿನ ಹಲ್ಲುಗಳು ದಿನವೂ ಈ ಶಾವಿಗೆಯನ್ನು ಕತ್ತರಿಸುತ್ತಿರುತ್ತವೆ. ಎಣ್ಣೆ ಹಳೆಯದಾಗುವ ಬಗೆಗಳಲ್ಲಿ ಇದೂ ಒಂದು. ಬೈಕಿನ ಎಣ್ಣೆಯನ್ನು ಬೇರೆಯಾಗಿಯೇ ತಯಾರಿಸಬೇಕು ಎನ್ನುವುದಕ್ಕೆ ಇದೂ ಕಾರಣ.

ಪಕ್ಕದ ಮನೆಯವರ ಬಳಿ ಬುಲೆಟ್ ಇದೆ. ನನ್ನ ಪಾಡು ಕೇಳಿ, "ನಮ್ಮದೂ ಗಾಳಿಯಿಂದ ತಣಿಯುವ ಎಂಜಿನ್ನೇ, ನಮ್ಮ ಎಣ್ಣೆಯನ್ನೇ ಹಾಕಿ" ಎಂದು ಉದಾರವಾಗಿ ಹೇಳಿದರು. ಅವರದು 350 ಸಿಸಿ, ಎರಡು ಲೀಟರಿಗೂ ಹೆಚ್ಚು ಎಣ್ಣೆ ಕುಡಿಯುವ ಎಂಜಿನ್. ಅದಕ್ಕೆ ಕಂಪನಿ ಹೇಳಿದ್ದು 15ಡಬ್ಲ್ಯು-50. ನನ್ನ ಪುಟ್ಟ ಎಂಜಿನ್ನಿಗೆ ಹೇಳಿದ್ದು 10ಡಬ್ಲ್ಯು-30. ಒಳಗಿನ ಸಂದುಗಳು, ಎಣ್ಣೆ ಹೋಗುವ ದಾರಿಗಳು, ಪಂಪಿನ ಶಕ್ತಿ ಎಲ್ಲವನ್ನೂ ಅಳೆದೇ ಕೈಪಿಡಿ ಬರೆದಿರುತ್ತಾರೆ. ಮಂದವಾದ ಎಣ್ಣೆ ಹಾಕಿದರೆ ಬೆಳಗ್ಗೆ ಸ್ಟಾರ್ಟಿಂಗ್ ಭಾರ, ಎಂಜಿನ್ ಜಗ್ಗಾಡಿ ಮೈಲೇಜೂ ಇಳಿಯುತ್ತದೆ. ದಪ್ಪ ಕಂಬಳಿ ಬೆಚ್ಚಗಿರುತ್ತದೆ ನಿಜ, ಹೊದ್ದುಕೊಂಡು ಓಡಲಾದೀತೆ? ಕೈಪಿಡಿ ಕಳೆದುಹೋಗಿದ್ದರೆ ಕಂಪನಿಯ ಡೀಲರ ಬಳಿ ನಿಮ್ಮ ಬೈಕಿನ ಮಾಡೆಲ್, ವರ್ಷ ಹೇಳಿ ಕೇಳಿ. ನಾನು ಕೈಪಿಡಿಯ ಆ ಪುಟವನ್ನು ಜೆರಾಕ್ಸ್ ಮಾಡಿಸಿ ಲೆಡ್ಜರಿನ ಒಳರಟ್ಟಿಗೆ ಅಂಟಿಸಿದ್ದೇನೆ.

ಸಿಂಥೆಟಿಕ್ ಬೇಕೇ ಎಂದು ತುಂಬ ಜನ ಕೇಳುತ್ತಾರೆ. ಹೆಚ್ಚು ಬಿಸಿಯಲ್ಲಿ ಅದು ಹೆಚ್ಚು ಕಾಲ ಬಾಳುತ್ತದೆ ಎನ್ನುವುದು ನಿಜ. ದಿನವೂ ನೂರಾರು ಕಿಲೋಮೀಟರ್ ಓಡಿಸುವವರು, ಭಾರ ಹೊರುವವರು ಕೊಳ್ಳಲಿ. ನನ್ನ ಬೈಕು ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರೂ ಓಡುವುದಿಲ್ಲ. ದರ್ಜೆ ಸರಿಯಿದ್ದರೆ, ಎಂಎ ಗುರುತಿದ್ದರೆ ನನಗೆ ಸಾದಾ ಎಣ್ಣೆ ಸಾಕು. ಇದು ನನ್ನ ಅಭಿಪ್ರಾಯ, ಮಗ ಒಪ್ಪುವುದಿಲ್ಲ.

ಕಡಿಮೆ ಓಡಿಸುವ ಹಿರಿಯರಿಗೆ ಒಂದು ಎಚ್ಚರಿಕೆ. "ಓಡಿದ್ದೇ ಇಷ್ಟು, ಎಣ್ಣೆ ಯಾಕೆ ಬದಲಾಯಿಸಲಿ?" ಎಂದು ನಾನೂ ಅನ್ನುತ್ತಿದ್ದೆ. ಹಾಲಿನ ಬೂತಿಗೆ ಹೋಗಿಬರುವಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗಿರುವುದೇ ಇಲ್ಲ. ಒಳಗೆ ಹನಿಗಟ್ಟಿದ ತೇವ, ಸುಡದೆ ಉಳಿದ ಪೆಟ್ರೋಲಿನ ಅಂಶ ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಕೂರುತ್ತವೆ. ಅದಕ್ಕೇ ಕೈಪಿಡಿಯ ಕಿಲೋಮೀಟರ್ ಮುಟ್ಟದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿಬಿಡುತ್ತೇನೆ.

ಎಣ್ಣೆಯ ಮಟ್ಟ ನೋಡುವ ಕೆಲಸ ಈಗ ಮೊಮ್ಮಗನದು. ಬೈಕ್ ಸಮ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲಿರಬೇಕು. ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಮತ್ತೆರಡು ಮೂರು ನಿಮಿಷ ಬಿಟ್ಟು ಅಳತೆಕಡ್ಡಿ ತೆಗೆದು ಒರೆಸಿ ಮತ್ತೆ ಇಳಿಬಿಡಬೇಕು. ನಮ್ಮ ಬೈಕಿನಲ್ಲಿ ಆಗ ಅದನ್ನು ತಿರುಪಬಾರದು, ಸುಮ್ಮನೆ ಕೂರಿಸಿ ತೆಗೆಯಬೇಕು. ಎರಡು ಗೆರೆಗಳ ನಡುವೆ ಎಣ್ಣೆ ನಿಂತಿದ್ದರೆ ಸರಿ. ಮೇಲಿನ ಗೆರೆ ದಾಟಿ ಸುರಿಯುವುದೂ ತಪ್ಪೇ. ಒಮ್ಮೆ ಅವನು ಕಡ್ಡಿಯ ತುದಿಯ ಹನಿಯನ್ನು ನನ್ನ ಹಳೆಯ ಬ್ಲಾಟಿಂಗ್ ಪೇಪರಿನ ಮೇಲೆ ಬಿಟ್ಟ. ಬ್ಯಾಂಕಿನ ಕಾಲದ ಒಂದು ಕಟ್ಟು ಇನ್ನೂ ಉಳಿದಿದೆ, ಎಸೆಯಲು ಮನಸ್ಸಿಲ್ಲ. ಪಕ್ಕದಲ್ಲೇ ಹೊಸ ಎಣ್ಣೆಯ ಹನಿ. ರಾತ್ರಿ ಕಳೆದು ನೋಡಿದರೆ ಹೊಸದು ತಿಳಿ ಜೇನಿನ ವೃತ್ತ. ಹಳೆಯದರ ನಡುವೆ ಕಪ್ಪು ಬೊಟ್ಟು, ಸುತ್ತ ಬೂದು ಉಂಗುರ. ಮಸಿಯನ್ನು ಎಣ್ಣೆ ಇನ್ನೂ ಹೊತ್ತು ಸಾಗಿಸುತ್ತಿದ್ದರೆ ಅದು ಮೆಲ್ಲಗೆ ಹರಡುತ್ತದೆ. ನಡುವೆಯೇ ಗಡಿ ಕಟ್ಟಿ ಗುಡ್ಡೆಯಾದರೆ ಎಣ್ಣೆ ಸೋತಿದೆ ಎಂದು ಅರ್ಥ. ಬರೀ ಕಪ್ಪಾಯಿತು ಎಂದು ಗಾಬರಿಯಾಗಬೇಕಿಲ್ಲ. ಮಸಿ ಹೊರುವುದೂ ಅದರ ಕೆಲಸವೇ ತಾನೇ. ಹಳೆಯ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ, ಸೋಪು ಹಾಕಿ ಕೈ ತೊಳೆಯಿರಿ.

ತೆಗೆದ ಎಣ್ಣೆಯನ್ನು ಚರಂಡಿಗೆ ಸುರಿಯುವುದು, ಗೆದ್ದಲಿಗೆಂದು ಬೇಲಿಗಂಬಕ್ಕೆ ಬಳಿಯುವುದು ನಮ್ಮ ಕಡೆ ಹಳೆಯ ಪದ್ಧತಿ. ನಾನೂ ಮಾಡಿದ್ದೇನೆ. ಸರ್ಕಾರದ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಮಳೆ ಬಂದರೆ ಅದು ಹೋಗುವುದು ಬಾವಿಗೆ, ಕೆರೆಗೆ. ಈಗ ಅದನ್ನು ಹಳೆಯ ಕ್ಯಾನಿನಲ್ಲಿ ಸರ್ವಿಸ್ ಸೆಂಟರಿಗೆ ಕೊಡುತ್ತೇನೆ. ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಮಾಡಿಯೇ ಗುಜರಿಗೆ ಹಾಕುತ್ತೇನೆ. ಚೆಂದದ ಡಬ್ಬಿ ಕಂಡರೆ ಅದರಲ್ಲಿ ನಕಲಿ ಎಣ್ಣೆ ತುಂಬಿ ಮಾರುವವರಿದ್ದಾರೆ. ಕೊಳ್ಳುವಾಗ ಸೀಲ್ ನೋಡಿ, ಬಿಲ್ ಕೇಳಿ.

ತಟ್ಟೆಗಳು, ಗ್ಯಾಸ್ಕೆಟ್, ಕೂಲಿ, ಹೊಸ ಎಣ್ಣೆ ಸೇರಿ 1,840 ರೂಪಾಯಿ ಆಯಿತು. ಉಳಿಸಲು ಹೊರಟದ್ದು ನಾನೂರು. ಅದನ್ನೂ ಕೆಂಪು ಗೆರೆಯ ಪಕ್ಕದಲ್ಲೇ ಬರೆದೆ. ಬಿಚ್ಚಿದ ತಟ್ಟೆಗಳನ್ನೂ, ಆ ಡಬ್ಬಿಯನ್ನೂ ಮೇಜಿನ ಮೇಲಿಟ್ಟು ಮಗ, ಸೊಸೆ ಬಂದಾಗ ತೋರಿಸಿದೆ. ಬೆಟ್ಟದಲ್ಲಿ ಜಾರಿದ್ದು ನನ್ನ ವಯಸ್ಸಲ್ಲ ಎಂದು ಹೇಳಬೇಕಿತ್ತು. ಮಗ ಸಣ್ಣ ಅಕ್ಷರಗಳನ್ನು ಓದಿ, "ಬಿಟ್ಟುಹೋದವನು ನಾನೇ" ಎಂದ. ಸೊಸೆ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು, ಏನೂ ಹೇಳಲಿಲ್ಲ. ಬೈಕ್ ಮಾರುವ ಮಾತು ಮತ್ತೆ ಬರಲಿಲ್ಲ. ಹುಡುಗನನ್ನು ಕೂರಿಸುವ ಅನುಮತಿಯೂ ಬರಲಿಲ್ಲ.

ಜೂನ್, ಜುಲೈ ಎರಡೂ ತಿಂಗಳು ನಾನೊಬ್ಬನೇ ಬೆಟ್ಟ ಹತ್ತಿ ಇಳಿದೆ, ಒಟ್ಟು ಆರು ಸಲ. ಪ್ರತಿ ಸಲದ್ದೂ ಪುಸ್ತಕದಲ್ಲಿದೆ. ದಸರಾ ರಜೆಗೆ ಬಂದ ಸೊಸೆ ಒಂದು ಬೆಳಗ್ಗೆ ಲೆಡ್ಜರ್ ತೆರೆದು ಆ ಆರು ಸಾಲುಗಳನ್ನು ಓದುತ್ತಿದ್ದಳು. ಅಡುಗೆಮನೆಗೆ ಹೋಗುತ್ತಾ, "ಹೆಲ್ಮೆಟ್ ಪಟ್ಟಿ ಸರಿಯಾಗಿ ಹಾಕು" ಎಂದು ಮಗನಿಗೆ ಕೂಗಿ ಹೇಳಿದಳು.

ಆ ದಿನದ ಸಾಲು ನನ್ನ ಕೈಬರಹದ್ದಲ್ಲ. ತಾರೀಕು, ಕಿಲೋಮೀಟರ್ ಬರೆದು, ಖರ್ಚಿನ ಕಾಲಮಿನಲ್ಲಿ 'ಎಳನೀರು 2' ಎಂದು ಮೊಮ್ಮಗ ದುಂಡಗೆ ಬರೆದಿದ್ದಾನೆ. ಬೆಲೆ ಬರೆಯುವುದನ್ನು ಮರೆತಿದ್ದಾನೆ.